ಹೊತ್ತು ಹೊತ್ತವರು

ನಮ್ಮಪ್ಪ ಗೆಂಪಾಚಿ ಹೊತ್ತನ್ನು ಹಿಗ್ಗಿಸುತ್ತಿದ್ದ, ಕುಗ್ಗಿಸುತ್ತಿದ್ದ.
ಕಾನಜಾವಾದ ನಮ್ಮ ಬೀದಿಯಲ್ಲಿ ಅದೊಂದು ಕಸುಬು.
ಕಂಬದ ಗಡಿಯಾರದ ಅಡ್ಡತೋಳಿಗೆ ಎರಡು ಪುಟ್ಟ ಗುಂಡು,
ಹುಣಸೆಬೀಜದಷ್ಟು.
ಬೇಸಿಗೆಯಲ್ಲಿ ಹಗಲಿಗೆ ಒಂದು ಕಚ್ಚು ಹೊರಗೆ, ಇರುಳಿಗೆ ಒಳಗೆ;
ಹಿಮ ಬಿದ್ದರೆ ತಿರುಗಾಮುರುಗಾ.
ಸೂರ್ಯ ಎಷ್ಟು ಬಡಿಸಿದನೋ ಅಷ್ಟನ್ನೇ
ಆರು ಪಾಲು ಮಾಡಿ ಉಣ್ಣುವುದು.
ಗಂಟೆ ಬಾರಿಸುವುದೂ ಒಂಬತ್ತರಿಂದ ಇಳಿದು ನಾಲ್ಕಕ್ಕೆ.
ಯಾಕಪ್ಪಾ ಅಂದರೆ,
"ನಾಲ್ಕರ ಕೆಳಗಿನವು ಗುಡಿಯವು, ನಮ್ಮವಲ್ಲ."

ನನಗಾಗ ಏಳು.
ಆ ವರ್ಷದ ಕೊನೆಯ ತಿಂಗಳಿಗೆ ಎರಡೇ ದಿನ.
ಟೋಕಿಯೋದಿಂದ ಅಪ್ಪಣೆ ಬಂತು: ನಾಳಿದ್ದೇ ಹೊಸ ವರ್ಷ.
ಅಮ್ಮ ಇನ್ನೂ ಮೋಚಿಗೆ ಅಕ್ಕಿ ನೆನೆಹಾಕಿರಲಿಲ್ಲ.
ವರ್ಷದ ಕೊನೆಗೆ ತೀರಿಸುತ್ತೇನೆಂದ ಸಾಲಕ್ಕೆ
ತಿಂಗಳ ಮೊದಲೇ ಎಣ್ಣೆಯಂಗಡಿಯವ ಬಾಗಿಲಲ್ಲಿ.
ಇನ್ನು ಹಗಲಿಗೆ ಹನ್ನೆರಡು, ಇರುಳಿಗೆ ಹನ್ನೆರಡು,
ಚೆರ್ರಿ ಹೂವಿಗೂ ಅಷ್ಟೇ, ಹಿಮಕ್ಕೂ ಅಷ್ಟೇ.
ಅಪ್ಪ ಮಾತಾಡಲಿಲ್ಲ.
ಗುಂಡುಗಳನ್ನು ಕಳಚಿ ಕಿಮೊನೊದ ತೋಳಚೀಲಕ್ಕೆ ಹಾಕಿಕೊಂಡ.
ಆಮೇಲೆ ಅವನು ಕೈಬೀಸಿ ನಡೆದಾಗೆಲ್ಲ
ಕಿಣಿಕ್, ಕಿಣಿಕ್.
ಕತ್ತಲಲ್ಲೂ ಗೊತ್ತಾಗುತ್ತಿತ್ತು ಅಪ್ಪ ಬಂದನೆಂದು.

ಹದಿನಾಲ್ಕಕ್ಕೆ ನಾನು ರೇಷ್ಮೆ ಗಿರಣಿ ಸೇರಿದೆ.
ಕುದಿನೀರಲ್ಲಿ ಗೂಡು, ಗೂಡಿನ ಜೊತೆ ಬೆರಳು.
ಸಂಜೆಯಾದರೆ ಮೇಸ್ತ್ರಿಯ ಗಡಿಯಾರ ಕುಂಟುತ್ತಿತ್ತು.
ಗಡಿಯಾರದವನ ಮಗಳು ನಾನು,
ಮುಳ್ಳು ಸುಳ್ಳಾಡಿದರೆ ಕಿವಿಗೆ ಚುಚ್ಚುತ್ತದೆ.
ಹೇಳಿದೆ.
ಎರಡು ದಿನದ ಕೂಲಿ ದಂಡ.
"ನೀನು ತೆಗೆಯುವ ಒಂದೊಂದು ಎಳೆಯೂ
ದೇಶದ ಹಡಗಿಗೊಂದು ಮೊಳೆ, ತಿಳಿಯಿತೇ" ಎಂದ ಮೇಸ್ತ್ರಿ.
ಅಜ್ಜಿಯ ಕಾಲಕ್ಕೆ ಕಪ್ಪು ಹಡಗು ಹೊರಗಿನಿಂದ ಬಂದಿತ್ತಂತೆ,
ಹೊಗೆ ಕಂಡು ಜನ ಚಾಪೆ ಸುತ್ತಿಕೊಂಡು ಗುಡ್ಡ ಹತ್ತಿದ್ದರಂತೆ.
ಈಗ ಹಡಗು ನಮ್ಮ ಕೊಲ್ಲಿಯಿಂದಲೇ ಹೊರಡುತ್ತಿತ್ತು.
ಯಾವ ದಡದಲ್ಲಿ ಯಾರು ಚಾಪೆ ಸುತ್ತಿದರೋ
ನಾವು ಕೇಳಲಿಲ್ಲ.
ದೀಪ ಹಚ್ಚಿ ಬೀದಿ ತುಂಬ ಮೆರವಣಿಗೆ ಹೋದೆವು,
ನಾನೂ ಹೋದೆ,
ಬೆಂದ ಬೆರಳಲ್ಲಿ ಕಾಗದದ ಲಾಟೀನು ಹಿಡಿದು.

ತಮ್ಮ ತೊಕುಸಾಬುರೊ ಕೊರಿಯಾದಲ್ಲಿ ಗುಮಾಸ್ತ.
ಜೊಂಜು ಊರಿನಿಂದ ಬರೆದ:
"ಅಕ್ಕಾ, ಹೊಸ ವರ್ಷದ ದಿನವೂ ಬಿಡುವಿಲ್ಲ.
ಕಚೇರಿ, ಶಾಲೆ, ಠಾಣೆ ಎಲ್ಲ ಸೇರಿ ಹನ್ನೊಂದು ಗಡಿಯಾರ.
ನಾನೇ ಏಣಿ ಹತ್ತಿ ಹನ್ನೊಂದನ್ನೂ
ಅರ್ಧ ಗಂಟೆ ಮುಂದಕ್ಕೆ ತಿರುಗಿಸಿದೆ, ಟೋಕಿಯೋಗೆ ಸರಿಯಾಗಿ.
ಹೊತ್ತು ನೆತ್ತಿಗೇರುವ ಮೊದಲೇ ಇಲ್ಲಿ ಹನ್ನೆರಡು ಹೊಡೆಯುತ್ತದೆ;
ಇಲ್ಲಿಯ ಸೂರ್ಯನೂ ಸೋಮಾರಿ.
ಏಣಿಯ ಕೆಳಗೆ ತೋಫು ಮಾರುವ ಮುದುಕಿ, ದೊಲ್ಸ್ವೆಯ ತಾಯಿ,
ನಿಂತು ಕೇಳುತ್ತಾಳೆ:
ಗುಮಾಸ್ತರೇ, ನನ್ನ ಅರ್ಧ ಗಂಟೆ ಎಲ್ಲಿಟ್ಟಿರಿ?
ತೋಫು ಇನ್ನೂ ಹೆಪ್ಪುಗಟ್ಟಿಲ್ಲ.
ನಕ್ಕುಬಿಟ್ಟೆ."

ಮಂಜುಗಣ್ಣಿನ ಅಪ್ಪನಿಗೆ ಓದಿ ಹೇಳಿದೆ.
ಅವನಿಗೀಗ ಎಂಬತ್ತರ ಹತ್ತಿರ.
ಬಹಳ ಹೊತ್ತಾದ ಮೇಲೆ ಕೇಳಿದ:
"ಹೆಪ್ಪುಗಟ್ಟಿತಂತಾ?"
ಕಾಗದದಲ್ಲಿ ಅದಿಲ್ಲ ಅಂದೆ.
ತೋಳಿನೊಳಗೆ ಕೈ ಹಾಕಿ ಹುಡುಕಿ
ಎರಡು ಗುಂಡನ್ನೂ ನನ್ನ ಅಂಗೈಗಿಟ್ಟ.
ಬೆಚ್ಚಗಿದ್ದವು.
"ಅವಳಿಗೆ ಕಳಿಸು."

ಅಂಚೆಕಟ್ಟೆಯ ಹುಡುಗ ಪೊಟ್ಟಣ ಅಲುಗಾಡಿಸಿ ಕೇಳಿದ, ಒಳಗೇನು?
ಹೊತ್ತು, ಅನ್ನಲು ಬಾಯಿ ಬರಲಿಲ್ಲ.
ಮೀನುಬಲೆಯ ಗುಂಡು, ಅಂದೆ.
ಬರೆದುಕೊಂಡ: ಮೀನುಬಲೆಯ ಗುಂಡು, ಎರಡು.

ತಲುಪಿತೋ, ತಮ್ಮ ಕೊಟ್ಟನೋ,
ಕೊಟ್ಟರೆ ಅವಳು ಅದನ್ನು ಯಾವುದಕ್ಕೆ ತೂಗುಹಾಕಿದಳೋ.
ಮುಂದಿನ ಕಾಗದದಲ್ಲಿ ಸಂಬಳ ಏರಿದ್ದಿದೆ,
ಹೊಸ ಬೂಟು ಕಚ್ಚಿದ್ದಿದೆ.
ಅವಳ ಸುದ್ದಿಯಿಲ್ಲ.

ಅಪ್ಪ ಈಗ ಅಂಗಳ ದಾಟಿ ಬಂದರೆ ಗೊತ್ತೇ ಆಗುವುದಿಲ್ಲ.
ತಟ್ಟನೆ ಪಕ್ಕದಲ್ಲಿರುತ್ತಾನೆ,
ಖಾಲಿ ತೋಳು ಬೀಸುತ್ತ.